ಸಿಟಿಯಲ್ಲಿ ಕಾರಿನ ನಿಜವಾದ ಮೈಲೇಜ್ ನೋಡೋದು ಹೀಗೆ

ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜನ್ನು ಪೂರ್ತಿ ನಂಬಬೇಡಿ. ಬಹಳಷ್ಟು ಕಾರುಗಳಲ್ಲಿ ಅದು ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಕಂಪನಿ ಹೇಳುವ ಲೆಕ್ಕವಂತೂ ಲ್ಯಾಬಿನಲ್ಲಿ, ರೋಲರ್ ಮೇಲೆ ಗಾಡಿ ಓಡಿಸಿ ತೆಗೆದದ್ದು. ಅಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ ಇರುವುದಿಲ್ಲ ಅಲ್ವಾ!

ಪೆಟ್ರೋಲ್ ಹಾಕುವಾಗ ಪಂಪ್ ತಾನಾಗೇ ಟಕ್ ಅಂತ ನಿಲ್ಲುವವರೆಗೆ ತುಂಬಿಸಿ. ಆಮೇಲೆ ‘ರೌಂಡ್ ಫಿಗರ್ ಮಾಡ್ಲಾ ಸಾರ್’ ಅಂದರೆ ಬೇಡ ಅನ್ನಿ, ಲೆಕ್ಕ ಕೆಡುವುದೇ ಅಲ್ಲಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಕ್ಕಾಲು ಟ್ಯಾಂಕ್ ಖಾಲಿಯಾಗುವವರೆಗೆ ದಿನದ ಆಫೀಸ್ ಓಡಾಟ ಮಾತ್ರ ಮಾಡಿ, ನಡುವೆ ಹೈವೇ ಬೇಡ. ಮತ್ತೆ ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲೇ, ಹಾಗೆಯೇ ತುಂಬಿಸಿ. ಓಡಿದ ಕಿಲೋಮೀಟರನ್ನು ಈ ಸಲ ಹಿಡಿದ ಲೀಟರಿನಿಂದ ಭಾಗಿಸಿ. ನನ್ನದು 412 ಕಿ.ಮೀ., 34.6 ಲೀಟರ್. ಅಂದರೆ 11.9. ಬೇಜಾರಾಯಿತು, ಆದರೆ ಸತ್ಯ. ಒಂದೇ ಸಲ ನೋಡಿ ತೀರ್ಮಾನ ಮಾಡಬೇಡಿ, ಮೂರು ಟ್ಯಾಂಕಿನ ಸರಾಸರಿ ತೆಗೆಯಿರಿ.

ಹೊಗೆಯ ಲೆಕ್ಕವೂ ಇದರಲ್ಲೇ ಸಿಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಬರುತ್ತದೆ, ಡೀಸೆಲ್‌ಗೆ ಸುಮಾರು 2.7. ಎಥನಾಲ್ ಬೆರೆತ ಪೆಟ್ರೋಲ್‌ಗೆ ಸ್ವಲ್ಪ ಕಡಿಮೆ. ಪೆಟ್ರೋಲ್ ಗಾಡಿಯಾದರೆ 2300ನ್ನು, ಡೀಸೆಲ್ ಆದರೆ 2700ನ್ನು ನಿಮ್ಮ ಮೈಲೇಜಿನಿಂದ ಭಾಗಿಸಿದರೆ ಕಿಲೋಮೀಟರಿಗೆ ಎಷ್ಟು ಗ್ರಾಂ ಅಂತ ಗೊತ್ತಾಗುತ್ತದೆ. ನನ್ನದು ಹೆಚ್ಚುಕಡಿಮೆ 193. ಎಮಿಷನ್ ಟೆಸ್ಟ್ ಚೀಟಿಯಲ್ಲಿ ಇದು ಸಿಗುವುದಿಲ್ಲ. ಅಲ್ಲಿ ಪೆಟ್ರೋಲ್ ಗಾಡಿಯನ್ನು ನಿಲ್ಲಿಸಿಕೊಂಡೇ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ನೋಡುತ್ತಾರೆ.

ಹಾಂ, ಅಳೆಯುವ ಮೊದಲು ಟೈರಿನ ಗಾಳಿ ಸರಿಮಾಡಿಸಿ. ಎಸಿ ಮಾತ್ರ ದಿನಾ ಹಾಕುವ ಹಾಗೇ ಹಾಕಿ, ಸುಮ್ನೆ ಸೆಖೆಯಲ್ಲಿ ಬೇಯಬೇಡಿ.