ತಂತಿ ಹಗ್ಗದಲ್ಲಿ ಹಾಯಿಹಡಗು ಕಟ್ಟುವ ಕೆಲಸ

ಹಾಯಿಹಡಗಿನ ಚಿತ್ರದಲ್ಲಿ ನಮ್ಮ ಕಣ್ಣು ಮೊದಲು ಹೋಗುವುದು ಹಾಯಿಯ ಮೇಲೆ. ಹಡಗಿನಲ್ಲಿ ದುಡಿದವರು ಮೊದಲು ಹಗ್ಗ ನೋಡುತ್ತಾರೆ. ಎಲ್ಲಿಂದ ಹೊರಟಿದೆ, ಎಲ್ಲಿ ಕಟ್ಟಿದೆ ಅಂತ ಒಂದೊಂದನ್ನೇ ಹಿಡಿದು ಹೋಗುತ್ತಾರೆ. ನನ್ನ ಗಿರಾಕಿಗಳಲ್ಲಿ ಜಾಸ್ತಿ ಜನ ಇಂಥವರೇ. ಮುಂಬೈಯ ದಾರುಖಾನಾದಲ್ಲಿ ವೈರ್ ರೋಪ್ ಸ್ಲಿಂಗ್, ಅಂದರೆ ಭಾರ ಎತ್ತುವ ತಂತಿ ಹಗ್ಗ, ಮಾಡುವುದು ನನ್ನ ಹೊಟ್ಟೆಪಾಡು. ಉಳಿದ ತುಂಡುಗಳಲ್ಲಿ ಹಲಗೆಯ ಮೇಲೆ ಹಡಗು ಕಟ್ಟುವುದು ನನ್ನ ಹುಚ್ಚು.

ಹೆಚ್ಚಾಗಿ ಕಟ್ಟುವುದು ನಮ್ಮ ನೌಕಾಪಡೆಯ ಐಎನ್‌ಎಸ್ ತರಂಗಿಣಿಯನ್ನು. ಗೋವಾ ಶಿಪ್‌ಯಾರ್ಡ್‌ನಲ್ಲಿ ತಯಾರಾಗಿ 1997ರಲ್ಲಿ ಸೇವೆಗೆ ಬಂದ ಹಡಗು. ಮೂರು ಕಂಬ. ಮುಂದಿನ ಎರಡಕ್ಕೆ ಅಡ್ಡಮರ, ಚೌಕದ ಹಾಯಿ. ಹಿಂದಿನದಕ್ಕೆ ಹಡಗಿನ ಉದ್ದಕ್ಕೆ ಕಟ್ಟುವ ಹಾಯಿ. ಹಿಂದಿನ ಕಂಬಕ್ಕೂ ಅಡ್ಡಮರ ಹಾಕಿದರೆ ಅದು ಬೇರೆಯೇ ಜಾತಿಯ ಹಡಗಾಗುತ್ತದೆ!

ಸಮುದ್ರ ಮಾಡುವುದು ಸುಲಭ. ಅದಕ್ಕೆ 6×19 ತಂತಿ ಹಗ್ಗ, ಅಂದರೆ ಆರು ಎಳೆ, ಒಂದೊಂದರಲ್ಲಿ ಹತ್ತೊಂಬತ್ತು ತಂತಿ. ಹಗ್ಗದ ತುದಿಯನ್ನು ಬಿಡಿಸಿದರೆ ಎಳೆಗಳು ನೆಟ್ಟಗಾಗುವುದಿಲ್ಲ, ಸುತ್ತಿಕೊಂಡಿದ್ದ ವಕ್ರದಲ್ಲೇ ನಿಲ್ಲುತ್ತವೆ. ಸಾಲಾಗಿ ಹಲಗೆಗೆ ಹೊಡೆದರೆ ಅಲೆ ಸಿದ್ಧ. ಮೊದಲು ಸೀಮೆಎಣ್ಣೆಯಲ್ಲಿ ನೆನೆಸಿ ಗ್ರೀಸ್ ತೆಗೆಯಬೇಕು. ಕೈಗೆ ಗ್ಲೌಸ್ ಬೇಕೇ ಬೇಕು. ತುಂಡಾದ ತಂತಿಯ ಮೊನೆ ಗಾಳದ ಹಾಗೆ ಚರ್ಮಕ್ಕೆ ಸಿಕ್ಕಿಕೊಳ್ಳುತ್ತದೆ. ಕತ್ತರಿಸುವ ಮೊದಲು ಗುರುತಿನ ಎರಡೂ ಕಡೆ ಸಣ್ಣ ತಂತಿ ಸುತ್ತಿ ಬಿಗಿಯಿರಿ, ಇಲ್ಲದಿದ್ದರೆ ತುದಿ ಬಿಚ್ಚಿಕೊಂಡು ಹಗ್ಗ ಹಾಳು.

ಕಂಬವನ್ನು ಹಿಡಿದು ನಿಲ್ಲಿಸುವ ಹಗ್ಗಗಳಿಗೆ ಹಳೆಯ ತಂತಿ ನಡೆಯುವುದಿಲ್ಲ. ಅಲ್ಲಿ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಗ್ಗ, 7×7, ಒಂದು ಮಿಲಿಮೀಟರ್ ದಪ್ಪ. 304 ದರ್ಜೆಯದು ಅಗ್ಗ ನಿಜ, ಆದರೆ ಸಮುದ್ರದ ಗಾಳಿಗೆ ಅದರ ಮೇಲೆ ಕಂದು ಕಲೆ ಏಳುತ್ತದೆ. 316ರಲ್ಲಿ ಮಾಲಿಬ್ಡಿನಮ್ ಇರುವುದರಿಂದ ಉಪ್ಪಿಗೆ ಜಾಸ್ತಿ ತಡೆದುಕೊಳ್ಳುತ್ತದೆ. ಹಗ್ಗದ ತುದಿಗೆ ಹಾಕಿ ಒತ್ತುವ ಸಣ್ಣ ಕೊಳವೆ, ಅಂದರೆ ಫೆರೂಲ್, ತಾಮ್ರದ್ದೇ ಇರಲಿ. ಸ್ಟೇನ್‌ಲೆಸ್‌ಗೆ ಅಲ್ಯೂಮಿನಿಯಂ ಜೋಡಿಸಿದರೆ ಉಪ್ಪಿನ ತೇವದಲ್ಲಿ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಕಂಬದ ಮುಂದಿನ ಮತ್ತು ಹಿಂದಿನ ಹಗ್ಗಗಳನ್ನು ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಕಡೆ ಎಳೆದರೆ ಕಂಬ ಬಾಗುತ್ತದೆ. ಪಕ್ಕದ ಹಗ್ಗಗಳು ಕಂಬದ ಬುಡಕ್ಕಿಂತ ತುಸು ಹಿಂದೆ ಬಂದು ಕೂರಬೇಕು, ಹಾಯಿ ಕಂಬವನ್ನು ಮುಂದಕ್ಕೆ ದೂಡುತ್ತದಲ್ವಾ. ಹಾಯಿ ಎತ್ತಿ ಇಳಿಸುವ ಹಗ್ಗಗಳಿಗೆ ಮಾತ್ರ ಹತ್ತಿಯ ದಾರ ಹಾಕಿ ಸ್ವಲ್ಪ ಸಡಿಲ ಬಿಡುತ್ತೇನೆ.

ಕೆಲವರು ಟ್ರಿಂಕಮಾಲಿ ಕೇಳುತ್ತಾರೆ. 1817ರಲ್ಲಿ ಇದೇ ಮುಂಬೈಯಲ್ಲಿ ವಾಡಿಯಾ ಮನೆತನದವರು ತೇಗದಲ್ಲಿ ಕಟ್ಟಿದ ಹಡಗು, ಈಗಲೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿದೆ. ಅದಕ್ಕೆ ನಾನು ತಂತಿ ಮುಟ್ಟಿಸುವುದಿಲ್ಲ. ಈಗಿನ ತಂತಿ ಹಗ್ಗವನ್ನು ಜರ್ಮನಿಯ ವಿಲ್ಹೆಲ್ಮ್ ಆಲ್ಬರ್ಟ್ ಗಣಿ ಕೆಲಸಕ್ಕೆಂದು ಮಾಡಿದ್ದೇ 1834ರಲ್ಲಿ. ಟ್ರಿಂಕಮಾಲಿಗೆ ಏನಿದ್ದರೂ ನಾರಿನ ಹಗ್ಗ.

ಬಾವುಟದ ಕಥೆ ಬೇರೆ. ಮಾಟುಂಗಾದಲ್ಲಿ ಕಾರವಾರ ಕಡೆಯ ಒಬ್ಬ ನಿವೃತ್ತ ಕ್ಯಾಪ್ಟನ್ ಇದ್ದಾರೆ. ಅವರ ಗೋಡೆಯ ಮೇಲೆ ಯಾರೋ ಉಡುಗೊರೆ ಕೊಟ್ಟ ಪೇಂಟಿಂಗ್. ಹಾಯಿ ಮುಂದಕ್ಕೆ ಉಬ್ಬಿದೆ, ಬಾವುಟ ಹಿಂದಕ್ಕೆ ಹಾರುತ್ತಿದೆ. “ನೋಡೋ ತಮ್ಮಾ, ಒಂದೇ ಹಡಗಿಗೆ ಎರಡು ಗಾಳಿ!” ಅಂತ ಬಂದವರಿಗೆಲ್ಲ ತೋರಿಸಿ ನಗುತ್ತಾರೆ. ಹಿಂದಿನಿಂದ ಬೀಸುವ ಗಾಳಿ ಬಾವುಟವನ್ನೂ ಮುಂದಕ್ಕೇ ಹಾರಿಸಬೇಕು. ನಾನು ಹಾಯಿ ಬಗ್ಗಿಸುವ ಮೊದಲೇ ಗಾಳಿಯ ದಿಕ್ಕನ್ನು ಹಲಗೆಯ ಮೇಲೆ ಬಾಣ ಬರೆದುಕೊಳ್ಳುತ್ತೇನೆ.

ತಂತಿ, ತೇಗ ಎಲ್ಲ ಸೇರಿ ಹಲಗೆ ಭಾರ. ನೇತುಹಾಕುವ ತಂತಿಯನ್ನು ತೀರಾ ಚಪ್ಪಟೆಯಾಗಿ ಕಟ್ಟಬೇಡಿ. ಮಟ್ಟಕ್ಕೆ 30 ಡಿಗ್ರಿಯಲ್ಲಿ ಕಟ್ಟಿದರೆ ಮೊಳೆಯ ಎರಡು ಕಡೆ ಇಳಿಯುವ ತಂತಿಯ ಒಂದೊಂದು ಕಾಲಿನ ಮೇಲೂ ಹಲಗೆಯ ಪೂರಾ ತೂಕದಷ್ಟು ಎಳೆತ ಬೀಳುತ್ತದೆ. 60 ಡಿಗ್ರಿ ಕೊಟ್ಟರೆ ಅದು ಸುಮಾರು 58 ಪರ್ಸೆಂಟ್‌ಗೆ ಇಳಿಯುತ್ತದೆ. ಮಡಚಿದ ತಂತಿಯನ್ನು ಹಿಡಿಯುವ ಗ್ರಿಪ್ ಹಾಕುವಾಗ ಅದರ ಸ್ಯಾಡಲ್, ಅಂದರೆ ಗಟ್ಟಿ ತಳ, ಭಾರ ಹೊರುವ ತಂತಿಯ ಮೇಲೆ ಕೂರಲಿ, ಬಾಗಿದ ಯು-ಬೋಲ್ಟ್ ಉಳಿದ ಬಾಲದ ಕಡೆ. ಹಲಗೆಯನ್ನು ತಿರುಗಿಸಿ ಇದನ್ನು ನೋಡದೆ ಹಣ ಕೊಡುವ ಕ್ಯಾಪ್ಟನ್ ನನಗಿನ್ನೂ ಸಿಕ್ಕಿಲ್ಲ.