ಕಡಿಮೆ ದುಡ್ಡಲ್ಲಿ ಪುದುಚೇರಿ: ಮೊದಲು ದಿನ ಆರಿಸಿ, ಆಮೇಲೆ ರೂಮು

ಪುದುಚೇರಿ ದುಬಾರಿ ಊರು ಅನ್ನುವವರನ್ನು ಯಾವ ದಿನ ಹೋಗಿದ್ರಿ ಅಂತ ಕೇಳಿ ನೋಡಿ. ಹೆಚ್ಚಿನವರು ಶನಿವಾರ ಅನ್ನುತ್ತಾರೆ. ಶುಕ್ರವಾರ ರಾತ್ರಿ ಬೆಂಗಳೂರಿನಿಂದಲೂ ಚೆನ್ನೈನಿಂದಲೂ ಬಸ್ಸು ತುಂಬಿ ಜನ ಬಂದು ಇಳಿಯುತ್ತಾರೆ, ಲಾಡ್ಜ್ ಬಾಡಿಗೆಯಿಂದ ಹಿಡಿದು ಸ್ಕೂಟರ್ ಬಾಡಿಗೆಯವರೆಗೆ ಎಲ್ಲ ಏರುತ್ತದೆ, ಭಾನುವಾರ ಸಂಜೆ ಅವರು ಹೊರಟ ಮೇಲೆ ಮತ್ತೆ ಇಳಿಯುತ್ತದೆ. ಅದೇ ರೂಮು, ಅದೇ ಹಾಸಿಗೆ, ರೇಟು ಮಾತ್ರ ಬೇರೆ. ಆದ್ದರಿಂದ ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಹೋಟೆಲ್ ಹುಡುಕುವುದಕ್ಕೂ ಮೊದಲು ಕ್ಯಾಲೆಂಡರ್ ನೋಡಿ. ಭಾನುವಾರ ರಾತ್ರಿ ಹೊರಟು ಬುಧವಾರ ರಾತ್ರಿ ಬಸ್ಸಿಗೆ ವಾಪಸ್ ಹೊರಡಿ. ಮೂರು ರಜೆ ಹಾಕಲೇಬೇಕಾದೀತು ಅನ್ನುವುದು ನಿಜ. ಆದರೆ ಉಳಿತಾಯದ ಅರ್ಧ ಭಾಗ ಇಲ್ಲೇ ಆಗಿಹೋಗುತ್ತದೆ.

ತಿಂಗಳೂ ಮುಖ್ಯ. ನಮಗೆ ಮಳೆ ಅಂದರೆ ಜೂನ್-ಜುಲೈ ಅಲ್ವಾ, ಅಲ್ಲಿ ದೊಡ್ಡ ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಹಿಂಗಾರಿನಲ್ಲಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಿಮ್ಮ ಇಡೀ ಪ್ರವಾಸ ಲಾಡ್ಜ್ ಕಿಟಕಿಯ ಪಕ್ಕ ಕೂತೇ ಮುಗಿಯುತ್ತದೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ಹೋಗಲೇಬೇಡಿ, ವರ್ಷದಲ್ಲೇ ದುಬಾರಿ ವಾರ ಅದು. ಪೊಂಗಲ್ ರಜೆ ಮುಗಿದ ಮೇಲೆ, ಜನವರಿ ಕೊನೆಯಿಂದ ಮಾರ್ಚ್ ಶುರುವಿನವರೆಗೆ ಬಿಸಿಲೂ ಇರುತ್ತದೆ, ನಡೆಯುವುದಕ್ಕೂ ಆಗುತ್ತದೆ. ಏಪ್ರಿಲ್-ಮೇನಲ್ಲಿ ರೂಮು ಅಗ್ಗ ಸಿಗಬಹುದು, ಆದರೆ ಆ ಸೆಕೆಗೆ ಎಸಿ ಬೇಕೇ ಬೇಕು ಅನ್ನಿಸಿ ಉಳಿಸಿದ್ದು ಅಲ್ಲಿಗೇ ಹೋಗುತ್ತದೆ.

ಹೋಗುವುದು ಹೇಗೆ

ಬೆಂಗಳೂರಿನಿಂದ ಸುಮಾರು 310 ಕಿಲೋಮೀಟರ್. ದಾರಿ ಹೊಸೂರು, ಕೃಷ್ಣಗಿರಿ, ತಿರುವಣ್ಣಾಮಲೈ, ಸೆಂಜಿ, ತಿಂಡಿವನಂ. ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವ ಹೊತ್ತಿಗೆ ಊರಲ್ಲಿರುತ್ತೀರಿ, ಒಂದು ರಾತ್ರಿಯ ರೂಮು ಬಾಡಿಗೆ ಉಳಿಯುತ್ತದೆ. ಸರ್ಕಾರಿ ಬಸ್ಸಿನ ಟಿಕೆಟ್ ದರ ಮೊದಲು ನೋಡಿ, ಆಮೇಲೆ ಖಾಸಗಿಯವರದ್ದು ನೋಡಿ, ವಾರದ ಮಧ್ಯೆ ಕೆಲವೊಮ್ಮೆ ಖಾಸಗಿ ಬಸ್ಸೇ ಅಗ್ಗಕ್ಕೆ ಸಿಗುವುದುಂಟು.

ಇನ್ನೂ ಕಡಿಮೆಯಲ್ಲಿ ಹೋಗಬೇಕು, ಆತುರ ಇಲ್ಲ ಅನ್ನುವವರಿಗೆ ಹಗಲು ದಾರಿ ಇದೆ. ತಿರುವಣ್ಣಾಮಲೈವರೆಗೆ ಒಂದು ಬಸ್ಸು, ಅಲ್ಲಿ ಅರುಣಾಚಲೇಶ್ವರನ ದರ್ಶನ, ಅಲ್ಲಿಂದ ತಮಿಳುನಾಡು ಸರ್ಕಾರದ ಸಾಮಾನ್ಯ ಬಸ್ಸು. ಕಿಟಕಿಯಿಂದ ಸೆಂಜಿಯ ಬಂಡೆ ಬೆಟ್ಟಗಳೂ ಕೋಟೆ ಗೋಡೆಗಳೂ ಕಾಣುತ್ತವೆ. 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮರಾಠರ ಕೋಟೆಗಳಲ್ಲಿ ಅದೂ ಒಂದು. ಹುಣ್ಣಿಮೆ ದಿನ ಮಾತ್ರ ಈ ದಾರಿ ಬೇಡ. ಗಿರಿ ಪ್ರದಕ್ಷಿಣೆಗೆ ಬಂದವರ ಮಧ್ಯೆ ಬಸ್ಸಿನಲ್ಲಿ ನಿಲ್ಲುವುದಕ್ಕೂ ಜಾಗ ಸಿಗುವುದಿಲ್ಲ.

ಉಳಿಯುವುದು ಎಲ್ಲಿ

ಊರಿನ ಮಧ್ಯೆ ಉತ್ತರ ದಕ್ಷಿಣವಾಗಿ ಒಂದು ಕಾಲುವೆ ಹರಿಯುತ್ತದೆ. ಅದರ ಪೂರ್ವಕ್ಕೆ ಸಮುದ್ರದ ಕಡೆ ಇರುವುದು ಫ್ರೆಂಚರ ಕಾಲದ ವೈಟ್ ಟೌನ್, ಪಶ್ಚಿಮಕ್ಕೆ ತಮಿಳರ ಹಳೆಯ ಬೀದಿಗಳು. ಫೋಟೋಗಳಲ್ಲಿ ನೋಡುವ ಹಳದಿ ಗೋಡೆ, ಬಿಳಿ ಅಂಚು, ಕಾಂಪೌಂಡಿನ ಮೇಲೆ ಚೆಲ್ಲಿದ ಕಾಗದದ ಹೂವು, ಇವೆಲ್ಲ ಪೂರ್ವದ ಕಡೆಯವು, ಅಲ್ಲಿಯ ಹಳೆ ಬಂಗಲೆ ಹೋಟೆಲುಗಳ ರೇಟು ನಮ್ಮ ಬಜೆಟ್ಟಿಗೆ ಸೇರುವುದಲ್ಲ. ಕಾಲುವೆ ದಾಟಿ ಈಚೆ ಬನ್ನಿ. ನೆಹರು ಸ್ಟ್ರೀಟ್, ಮಿಷನ್ ಸ್ಟ್ರೀಟ್, ಎಂ.ಜಿ. ರೋಡ್ ಸುತ್ತಮುತ್ತ ಸಾಧಾರಣ ಲಾಡ್ಜ್‌ಗಳಿವೆ, ಸಮುದ್ರಕ್ಕೆ ಕಾಲು ಗಂಟೆ ನಡಿಗೆ, ಅಷ್ಟೇ. ಬಸ್ ಸ್ಟ್ಯಾಂಡ್ ಹತ್ತಿರ ಇನ್ನೂ ಅಗ್ಗಕ್ಕೆ ಸಿಗಬಹುದು, ಆದರೆ ಅಲ್ಲಿಂದ ಪ್ರತಿ ಸಲ ಆಟೋಗೆ ಕೊಡುವ ದುಡ್ಡು ಲೆಕ್ಕ ಹಾಕಿದರೆ ಲಾಭ ಏನೂ ಉಳಿಯುವುದಿಲ್ಲ. ದೂರದ ಬೀಚ್ ರೆಸಾರ್ಟಿನ ಆಫರ್ ಬೆಲೆಗೂ ಇದೇ ಮಾತು.

ಸಮುದ್ರ ಕಾಣುವ ರೂಮೇ ಬೇಕು ಅನ್ನುವವರಿಗೆ ಒಂದು ದಾರಿ ಇದೆ. ಅರವಿಂದಾಶ್ರಮದ ಗೆಸ್ಟ್ ಹೌಸ್‌ಗಳು. ಬೀಚ್ ರಸ್ತೆಯ ದಕ್ಷಿಣದ ತುದಿಯಲ್ಲಿರುವ ಪಾರ್ಕ್ ಗೆಸ್ಟ್ ಹೌಸ್‌ನಲ್ಲಿ ರೂಮುಗಳ ಬಾಲ್ಕನಿ ಸಮುದ್ರಕ್ಕೇ ತೆರೆದುಕೊಳ್ಳುತ್ತದೆ, ಕೆಳಗೆ ತೋಟ, ಅದರಾಚೆ ನೀರು. ಆ ಜಾಗದಲ್ಲಿ ಆ ಬಾಡಿಗೆ ಬೇರೆಲ್ಲೂ ಸಿಗುವುದಿಲ್ಲ. ಆದರೆ ಅದು ಆಶ್ರಮದ ಜಾಗ ಅನ್ನುವುದು ನೆನಪಿರಲಿ. ಮದ್ಯ ಇಲ್ಲ, ಸಿಗರೇಟು ಇಲ್ಲ, ರಾತ್ರಿ ಹತ್ತೂವರೆಗೆ ಗೇಟು ಹಾಕುತ್ತಾರೆ. ಇದೆಲ್ಲ ಒಪ್ಪಿಗೆ ಇದ್ದರೆ ಸಾಕಷ್ಟು ಮೊದಲೇ ಬುಕ್ ಮಾಡಿ, ಹೋಗಿ ನಿಂತು ಕೇಳಿದರೆ ಸಿಗುವುದು ಕಷ್ಟ.

ಎಲ್ಲಿ ಬುಕ್ ಮಾಡಿದರೂ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿಬಿಡಿ: ಚೆಕ್‌ಔಟ್ 24 ಗಂಟೆಯ ಲೆಕ್ಕವೋ, ಮಧ್ಯಾಹ್ನ 12ಕ್ಕೋ? ರಾತ್ರಿ ಬಸ್ಸಿನವರು ಇಳಿಯುವುದು ಬೆಳಗಿನ ಜಾವ. 12ರ ಲೆಕ್ಕದ ಲಾಡ್ಜಿನಲ್ಲಿ ಆಗಲೇ ರೂಮು ಕೊಡಿ ಅಂದರೆ ಅರ್ಧ ದಿನದ ಬಾಡಿಗೆ ಜಾಸ್ತಿ ಕೇಳುತ್ತಾರೆ. ಸುಮ್ನೆ ಬ್ಯಾಗು ಅಲ್ಲಿಟ್ಟು, ಮುಖ ತೊಳೆದು, ಸೀದಾ ಸಮುದ್ರಕ್ಕೆ ಹೋಗಿ.

ಬೆಳಗಿನ ಜಾವದ ಬೀಚ್ ರಸ್ತೆ

ಗೋಕರ್ಣ, ಮಲ್ಪೆ ನೋಡಿ ಬೆಳೆದ ನಮಗೆ ಸೂರ್ಯ ಕಡಲಲ್ಲಿ ಮುಳುಗುವುದು ಗೊತ್ತು. ಇಲ್ಲಿ ಕಡಲಿನಿಂದ ಮೇಲೇಳುತ್ತಾನೆ. ಗೂಬೆರ್ ಅವೆನ್ಯೂ ಅನ್ನುವ ಬೀಚ್ ರಸ್ತೆಗೆ ಸಂಜೆ 6ರಿಂದ ಬೆಳಗ್ಗೆ 7.30ರವರೆಗೆ ವಾಹನ ಬಿಡುವುದಿಲ್ಲ, ಹಾರ್ನಿನ ಸದ್ದಿಲ್ಲದೆ ಸುಮಾರು ಒಂದೂವರೆ ಕಿಲೋಮೀಟರ್ ನಡೆಯಬಹುದು. ನಸುಕಿನಲ್ಲಿ ನಡೆಯುವವರು, ಯೋಗ ಮಾಡುವವರು, ಕಲ್ಲಿನ ಮೇಲೆ ಸುಮ್ಮನೆ ಕೂತ ಅಜ್ಜಂದಿರು. ಎಂಟು ಕೆತ್ತನೆಯ ಕಲ್ಲು ಕಂಬಗಳ ನಡುವೆ ಗಾಂಧೀಜಿ ನಿಂತಿದ್ದಾರೆ, ಆ ಕಂಬಗಳು ಸೆಂಜಿಯಿಂದ ಬಂದವು. ಎದುರಿಗೆ ಕೆಂಪು ಬಣ್ಣದ, ಪುಟ್ಟ ಚಾಚು ಇರುವ ಫ್ರೆಂಚ್ ರೀತಿಯ ಟೋಪಿ ಹಾಕಿದ ಪೊಲೀಸರು ಓಡಾಡುತ್ತಿರುತ್ತಾರೆ. ಇಡೀ ಪ್ರವಾಸದಲ್ಲಿ ನನಗೆ ಅತಿ ಇಷ್ಟದ ಹೊತ್ತು ಇದೇ, ಇದಕ್ಕೆ ಒಂದು ರೂಪಾಯಿಯೂ ಬೇಕಿಲ್ಲ.

ಇಲ್ಲಿ ನೀರಿಗೆ ಇಳಿಯುವಂತಿಲ್ಲ. ದಂಡೆಯ ಹೆಚ್ಚಿನ ಭಾಗಕ್ಕೆ ಕರಿ ಬಂಡೆ ಸುರಿದಿದ್ದಾರೆ. ಮೊದಲು ಇಲ್ಲೂ ಅಗಲವಾದ ಮರಳಿತ್ತು, 1980ರ ದಶಕದಲ್ಲಿ ದಕ್ಷಿಣಕ್ಕೆ ಬಂದರಿನ ತಡೆಗೋಡೆ ಕಟ್ಟಿದ ಮೇಲೆ ಅಲೆಗಳು ಉತ್ತರಕ್ಕೆ ತಳ್ಳಿಕೊಂಡು ಬರುತ್ತಿದ್ದ ಮರಳು ಅಲ್ಲೇ ನಿಂತಿತು, ಈಚೆಯ ದಂಡೆ ಕೊಚ್ಚಿಹೋಯಿತು. ಮರಳಲ್ಲಿ ಆರಾಮಾಗಿ ಓಡಾಡಬೇಕು ಅಂದರೆ ಊರ ಹೊರಗೆ ಹೋಗುವುದು ಒಳ್ಳೆಯದು. ಉತ್ತರಕ್ಕೆ ಸೆರೆನಿಟಿ ಬೀಚ್, ದಕ್ಷಿಣಕ್ಕೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2021ರಲ್ಲಿ ಪಡೆದ ಈಡನ್ ಬೀಚ್, ಚುನ್ನಾಂಬಾರ್‌ನಿಂದ ದೋಣಿಯಲ್ಲಿ ಹೋಗುವ ಪ್ಯಾರಡೈಸ್ ಬೀಚ್. ದೋಣಿಗೆ ಟಿಕೆಟ್ ಇದೆ, ಮಕ್ಕಳಿದ್ದರೆ ಆ ದುಡ್ಡು ಕೊಡಬಹುದು, ಇಲ್ಲದಿದ್ದರೆ ಉಳಿದೆರಡು ಸಾಕು. ಎಲ್ಲೇ ಆದರೂ ಮೊಣಕಾಲಿಗಿಂತ ಆಳಕ್ಕೆ ಹೋಗಬೇಡಿ, ಈ ಕಡಲಿನ ಸೆಳೆತ ಕೆಟ್ಟದು, ಈಜು ಬಂದವರೂ ಇಲ್ಲಿ ಹೋಗಿದ್ದಾರೆ.

ಓಡಾಟ

ಊರು ಸಪಾಟು. ಬೀದಿಗಳು ಗೆರೆ ಎಳೆದಂತೆ ನೇರ, ಒಂದನ್ನೊಂದು ಅಡ್ಡ ಹಾಯುತ್ತವೆ, ದಾರಿ ತಪ್ಪುವುದೇ ಕಷ್ಟ. ಹಾಗಾಗಿ ಬಾಡಿಗೆ ಸೈಕಲ್ ಸಾಕು. ಆರೋವಿಲ್ ಅಥವಾ ದೂರದ ಬೀಚಿಗೆ ಹೋಗುವ ದಿನ ಮಾತ್ರ ಸ್ಕೂಟರ್ ತೆಗೆದುಕೊಳ್ಳಿ, ಮೂರೂ ದಿನಕ್ಕೆ ಬೇಡ. ಲೈಸೆನ್ಸ್ ಇರಲಿ, ಹೆಲ್ಮೆಟ್ ಕೇಳಿ ಪಡೆಯಿರಿ, ತೆಗೆದುಕೊಳ್ಳುವಾಗಲೇ ಗಾಡಿಯ ಎಲ್ಲ ಕಡೆಯ ಗೀರುಗಳನ್ನೂ ಪೆಟ್ರೋಲ್ ಮುಳ್ಳನ್ನೂ ವಿಡಿಯೋ ಮಾಡಿಕೊಳ್ಳಿ. ವಾಪಸ್ ಕೊಡುವಾಗ ಹಳೆ ಗೀರಿಗೆ ನಿಮ್ಮ ಡಿಪಾಸಿಟ್ ಹಿಡಿಯುವವರು ಇದ್ದಾರೆ. ಆಟೋದವರು ಮೀಟರ್ ಹಾಕುವುದು ಅಪರೂಪ, ಹತ್ತುವ ಮುಂಚೆಯೇ ಮಾತಾಡಿ. ಲಾಡ್ಜಿನ ಹುಡುಗನನ್ನು "ಅಣ್ಣ, ಅಲ್ಲಿಗೆ ಎಷ್ಟು ಕೊಡ್ತಾರೆ?" ಅಂತ ಮೊದಲೇ ಕೇಳಿಕೊಂಡಿದ್ದರೆ ಚೌಕಾಸಿ ಸುಲಭ.

ನೋಡುವುದು

ವೈಟ್ ಟೌನ್ ಬೆಳಗ್ಗೆ 9ರ ಒಳಗೆ ನೋಡಿ ಮುಗಿಸಿ. ಬೀದಿ ಹೆಸರಿನ ನೀಲಿ ಫಲಕಗಳು, ಫ್ರೆಂಚ್ ಹೆಸರುಗಳು, ಭಾರತಿ ಪಾರ್ಕಿನ ನಡುವೆ ಬಿಳಿಯ ಆಯಿ ಮಂಟಪ. ಆಮೇಲೆ ಕಾಲುವೆ ದಾಟಿ ತಮಿಳು ಬೀದಿಗಳಲ್ಲೂ ನಡೆಯಿರಿ. ಇಲ್ಲಿ ಹೆಚ್ಚಿನ ಪ್ರವಾಸಿಗರು ಬರುವುದೇ ಇಲ್ಲ, ಅದು ನನಗೆ ನಿಜಕ್ಕೂ ಬೇಸರದ ವಿಷಯ. ಮನೆ ಮುಂದೆ ಮರದ ಕಂಬದ ಜಗುಲಿ, ಅದರ ಮೇಲೆ ಇಳಿಜಾರು ಹಂಚು, ದಾರಿಹೋಕರು ಕೂರಲಿ ಅಂತಲೇ ಕಟ್ಟಿದ್ದು. ಕವಿ ಸುಬ್ರಹ್ಮಣ್ಯ ಭಾರತಿ ಬ್ರಿಟಿಷರಿಂದ ತಪ್ಪಿಸಿಕೊಂಡು 1908ರಿಂದ 1918ರವರೆಗೆ ಈ ಊರಲ್ಲೇ ಇದ್ದರು, ಅವರಿದ್ದ ಮನೆ ಈಗ ಸ್ಮಾರಕ.

ಅರವಿಂದರೂ ಹೀಗೆಯೇ 1910ರಲ್ಲಿ ಬಂದವರು. ಆಶ್ರಮದಲ್ಲಿ ಅವರ ಸಮಾಧಿ ನೋಡುವುದಕ್ಕೆ ದುಡ್ಡಿಲ್ಲ. ಮರದ ನೆರಳು, ಹೂವು ಹಾಸಿದ ಕಲ್ಲು, ಮಾತಾಡುವಂತಿಲ್ಲ, ಫೋನ್ ಆಫ್ ಮಾಡಬೇಕು. ತುಂಬ ಚಿಕ್ಕ ಮಕ್ಕಳನ್ನು ಒಳಗೆ ಬಿಡುವುದಿಲ್ಲ. ಪುದುಚೇರಿ ಮ್ಯೂಸಿಯಂಗೆ ಸೋಮವಾರ ರಜೆ, ಹಾಗಾಗಿ ಅದನ್ನು ಮಂಗಳವಾರ ಬಿಸಿಲೇರಿದ ಮೇಲೆ ಇಟ್ಟುಕೊಳ್ಳಿ. ರೋಮನ್ನರ ಜೊತೆ ವ್ಯಾಪಾರ ನಡೆಸುತ್ತಿದ್ದ ಅರಿಕಮೇಡಿನ ವಸ್ತುಗಳೂ ಚೋಳರ ಕಂಚಿನ ವಿಗ್ರಹಗಳೂ ಅಲ್ಲಿವೆ.

ಆರೋವಿಲ್‌ಗೆ ಒಂದು ಅರ್ಧ ದಿನ ಬೇಕು. ಊರಿನಿಂದ ಹತ್ತು-ಹನ್ನೆರಡು ಕಿಲೋಮೀಟರ್. 1968ರ ಫೆಬ್ರುವರಿ 28ರಂದು 124 ದೇಶಗಳ ಮಣ್ಣನ್ನು ಒಂದು ಕಲಶದಲ್ಲಿ ಸೇರಿಸಿ ಶುರು ಮಾಡಿದ ಊರು ಅದು. ವಿಸಿಟರ್ಸ್ ಸೆಂಟರ್‌ನಲ್ಲಿ ಉಚಿತ ಪಾಸ್ ಪಡೆದು ಮರಗಳ ನಡುವೆ ಒಂದು ಕಿಲೋಮೀಟರ್ ನಡೆದರೆ ಮಾತೃಮಂದಿರದ ಚಿನ್ನದ ಗೋಳ ದೂರದಿಂದ ಕಾಣುತ್ತದೆ. ಒಳಗೆ ಕೂತು ಧ್ಯಾನ ಮಾಡಬೇಕು ಅಂದರೆ ಮೊದಲೇ ಬುಕ್ ಮಾಡಿರಬೇಕು, ಅಲ್ಲಿ ಹೋಗಿ ಕೇಳಿದರೆ ಆಗುವುದಿಲ್ಲ.

ಊಟ ಮತ್ತು ಕೊನೆಯ ಲೆಕ್ಕ

ಒಂದೇ ಸೂತ್ರ: ಹೊಟ್ಟೆ ತುಂಬಿಸಿಕೊಳ್ಳುವುದು ತಮಿಳು ಬೀದಿಯಲ್ಲಿ, ರುಚಿ ನೋಡುವುದು ಫ್ರೆಂಚ್ ಬೀದಿಯಲ್ಲಿ. ಬೆಳಗ್ಗೆ ಇಡ್ಲಿ, ಪೊಂಗಲ್, ಮಧ್ಯಾಹ್ನ ಬಾಳೆಎಲೆ ಊಟ, ರಾತ್ರಿ ಪರೋಟ. ಫ್ರೆಂಚ್ ಕೆಫೆಗೆ ಊಟಕ್ಕೆ ಹೋದರೆ ಬಿಲ್ಲು ಎದೆ ಒಡೆಸುತ್ತದೆ, ಅದರ ಬದಲು ಒಂದು ಬೆಳಗ್ಗೆ ಕ್ರುವಾಸಾನ್, ಕಾಫಿ ಅಷ್ಟೇ ತೆಗೆದುಕೊಂಡು ಆರಾಮಾಗಿ ಕೂರಿ. ಸಂಜೆ ಬೀಚ್ ರಸ್ತೆಯಲ್ಲಿ ಕಾಗದದ ಪೊಟ್ಟಣದಲ್ಲಿ ಬಿಸಿ ಸುಂಡಲ್ ಕೊಡುತ್ತಾರೆ, ಬೇಯಿಸಿದ ಕಡಲೆಗೆ ಮಾವಿನಕಾಯಿ ಚೂರು, ತೆಂಗಿನ ತುರಿ. ಬಾಟಲಿಯಲ್ಲಿ ನೀರು ತುಂಬಿಸಿಕೊಂಡೇ ಹೊರಡಿ, ಆ ಬಿಸಿಲಿಗೆ ದಿನಕ್ಕೆ ಕೊಳ್ಳುವ ನೀರಿನ ಖರ್ಚೇ ಒಂದು ಊಟದಷ್ಟಾಗುತ್ತದೆ.

ಮದ್ಯ ಅಲ್ಲಿ ಅಗ್ಗ ಅಂತ ಹೋಗುವವರು ತುಂಬ ಜನ. ಬಜೆಟ್ ಒಡೆಯುವುದೂ ಅಲ್ಲೇ. ಕುಡಿಯುವುದು ಬಿಡುವುದು ನಿಮಗೆ ಬಿಟ್ಟಿದ್ದು, ಆದರೆ ವಾಪಸ್ ಬರುವಾಗ ಬ್ಯಾಗಿನಲ್ಲಿ ಬಾಟಲಿ ತರಬೇಡಿ. ನಾಲ್ಕು ಕಿಲೋಮೀಟರ್ ಹೋಗುವಷ್ಟರಲ್ಲಿ ತಮಿಳುನಾಡು ಶುರುವಾಗುತ್ತದೆ, ಚೆಕ್‌ಪೋಸ್ಟ್‌ನಲ್ಲಿ ಬ್ಯಾಗು ಬಿಚ್ಚಿಸಿದರೆ ಬಾಟಲಿಯೂ ಹೋಗುತ್ತದೆ, ಕೇಸೂ ಬೀಳಬಹುದು, ನಿಮ್ಮಿಂದ ಇಡೀ ಬಸ್ಸು ಕಾಯಬೇಕಾಗುತ್ತದೆ.

ಬುಧವಾರ ಬೆಳಗ್ಗೆ ರೂಮು ಖಾಲಿ ಮಾಡಿ ಬ್ಯಾಗು ಲಾಡ್ಜಿನಲ್ಲೇ ಬಿಡಿ, ಸೈಕಲ್ಲನ್ನು ಸಂಜೆ ಕೊಡುತ್ತೇನೆ ಅಂತ ಹೇಳಿ. ರಾತ್ರಿ ಬಸ್ಸು ಹೊರಡುವ ಜಾಗ ಯಾವುದು ಅಂತ ಹಗಲೇ ಫೋನ್ ಮಾಡಿ ಕೇಳಿಕೊಳ್ಳಿ. ಖಾಸಗಿ ಬಸ್ಸುಗಳು ಎಲ್ಲವೂ ಬಸ್ ಸ್ಟ್ಯಾಂಡಿನಿಂದ ಹೊರಡುವುದಿಲ್ಲ.