ಹೆಬ್ಬೆರಳಿಗೆ ಎಟಕುವ ಫೋನ್

ಹೊಸ ಫೋನ್ ಹುಡುಕಲು ಕೂತಾಗ ನಾನು ಮೊದಲು ನೋಡಿದ್ದು ಅದರ ಅಗಲ ಎಷ್ಟು ಮಿಲಿಮೀಟರ್ ಅಂತ. ಜಾಹೀರಾತಿನಲ್ಲಿ ಈ ಅಂಕಿ ಇರುವುದಿಲ್ಲ. ಅಲ್ಲಿ ದೊಡ್ಡದಾಗಿ ಬರೆಯುವುದು ಪರದೆ ಮೂಲೆಯಿಂದ ಮೂಲೆಗೆ ಎಷ್ಟು ಇಂಚು ಎನ್ನುವುದನ್ನು. ನನಗೋ ಫೋನನ್ನು ಒಂದೇ ಕೈಯಲ್ಲಿ ಹಿಡಿದು, ಅದೇ ಕೈಯ ಹೆಬ್ಬೆರಳಲ್ಲಿ ಎಲ್ಲ ಕೆಲಸ ಮುಗಿಸುವ ಅಭ್ಯಾಸ. ಇನ್ನೊಂದು ಕೈಗೆ ಯಾವಾಗಲೂ ಬೇರೇನಾದರೂ ಕೆಲಸ ಇರುತ್ತದೆ.

ಈ ಮೂಲೆ ಅಳತೆಯನ್ನು ನಂಬಿಕೊಂಡರೆ ಕೆಟ್ಟೆವು. ಕೆಲವು ವರ್ಷಗಳ ಹಿಂದಿನ 5.5 ಇಂಚಿನ, 16:9 ಅನುಪಾತದ ಪರದೆಯ ಅಗಲ ಸುಮಾರು 68 ಮಿ.ಮೀ. ಈಗಿನ 6.5 ಇಂಚಿನ, 20:9 ಪರದೆಯ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಬೆಳೆದಿರುವುದು ಎತ್ತರ ಮಾತ್ರ, ಸುಮಾರು 122 ಮಿ.ಮೀ.ಯಿಂದ 150ಕ್ಕೆ. ಹಾಗಾಗಿ ‘ದೊಡ್ಡ ಫೋನ್’ ಅಂತ ಹೆದರಿ ಬಿಟ್ಟ ಎಷ್ಟೋ ಫೋನುಗಳು ಅಂಗೈಗೆ ಸರಿಯಾಗಿಯೇ ಕೂರುತ್ತವೆ. ಹೆಬ್ಬೆರಳಿಗೆ ಎಟಕದೇ ಇರುವುದು ಮೇಲಿನ ಭಾಗ. ಅದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಮದ್ದಿದೆ, ಅಗಲಕ್ಕಿಲ್ಲ. ಕವರ್ ಹಾಕಿದ ಮೇಲೆ ಎರಡು ಮೂರು ಮಿಲಿಮೀಟರ್ ಜಾಸ್ತಿಯಾಗುತ್ತದೆ ಎನ್ನುವುದನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಹುಡುಕಿದೆ.

ಪ್ರದರ್ಶನಕ್ಕಿಟ್ಟ ಫೋನನ್ನು ಕೈಗೆತ್ತಿಕೊಂಡರೆ ನನ್ನ ಮೊದಲ ಕೆಲಸ ಬ್ರೈಟ್‌ನೆಸ್ ಪೂರ್ತಿ ಇಳಿಸುವುದು. ಅಂಗಡಿಯ ಬೆಳಕಿನಲ್ಲಿ ಎಲ್ಲ ಪರದೆಗಳೂ ಚೆನ್ನಾಗಿಯೇ ಕಾಣುತ್ತವೆ. ನಾವು ಓದುವುದು ರಾತ್ರಿ, ಕತ್ತಲಲ್ಲಿ. ಬಹಳಷ್ಟು ಒಎಲ್‌ಇಡಿ ಪರದೆಗಳು ಬೆಳಕು ಕಡಿಮೆ ಮಾಡಲು ಕಣ್ಣಿಗೆ ಗೊತ್ತಾಗದಷ್ಟು ವೇಗವಾಗಿ ಆರಿ ಹತ್ತುತ್ತಿರುತ್ತವೆ. ಕೆಲವರಿಗೆ ಇದರಿಂದ ಏನೂ ಆಗುವುದಿಲ್ಲ, ನನಗೆ ಹಣೆ ನೋಯುತ್ತದೆ. ನನ್ನ ಹಳೆಯ ಫೋನಿನ ಕ್ಯಾಮೆರಾವನ್ನು, ಎಲ್ಲವನ್ನೂ ನಾವೇ ಹೊಂದಿಸುವ ಪ್ರೊ ಮೋಡಿಗೆ ಹಾಕಿ, ಶಟರ್ ವೇಗ ಹೆಚ್ಚಿಸಿ ಪರದೆಗಳಿಗೆ ಹಿಡಿದೆ. ಹಾಗೆ ನೋಡಿದರೆ ಈ ಆರಿ ಹತ್ತುವುದು ಕಪ್ಪು ಪಟ್ಟಿಗಳಾಗಿ ಕಾಣುತ್ತದೆ. ಒಂದು ಫೋನಿನ ಮೇಲೆ ದಪ್ಪ ಕಪ್ಪು ಪಟ್ಟಿಗಳು ಹರಿದಾಡಿದವು, ಅದನ್ನು ಅಲ್ಲೇ ಬಿಟ್ಟೆ. ಇನ್ನೊಂದರಲ್ಲಿ ಪಟ್ಟಿಗಳು ತೆಳುವಾಗಿ, ಇದ್ದೂ ಇಲ್ಲದಂತಿದ್ದವು. ಕೊಂಡಿದ್ದು ಅದನ್ನೇ.

ಉಳಿದ ವಿಷಯಗಳಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. 50 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ ಸೇರಿಸಿ 12.5 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತದೆ, ಆ ಅಂಕಿಗೆ ಮರುಳಾಗುವ ಅಗತ್ಯವಿಲ್ಲ. ಸ್ಟೋರೇಜ್ ನಿಧಾನದ ಇಎಂಎಂಸಿ ಬಗೆಯದಲ್ಲ, ವೇಗದ ಯುಎಫ್‌ಎಸ್ ಬಗೆಯದು ಎಂದು ಖಚಿತ ಮಾಡಿಕೊಂಡೆ. ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆಂದು ಮಾತ್ರ ಪಟ್ಟು ಹಿಡಿದು ನೋಡಿದೆ. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8 ಫೋನಿಗೆ, ಮರುವರ್ಷ ಸ್ಯಾಮ್‌ಸಂಗ್ ತನ್ನ ಎಸ್24ಕ್ಕೆ ಏಳು ವರ್ಷ ಎಂದು ಘೋಷಿಸಿದ ಮೇಲೆ ಎರಡು ವರ್ಷದ ಭರವಸೆ ಕೇಳಿದರೆ ನಗು ಬರುತ್ತದೆ.

ಫೋನ್ ತಂದ ಮೇಲೆ ಹಳೆಯದರಿಂದ ಸಂಪರ್ಕ ಸಂಖ್ಯೆ, ಚಿತ್ರಗಳನ್ನಷ್ಟೇ ವರ್ಗಾಯಿಸಿದೆ. ಆಪ್‌ಗಳನ್ನು ಬೇಕಾದ ಹಾಗೆ ಒಂದೊಂದಾಗಿ ಹಾಕಿಕೊಂಡೆ, ಕಸವನ್ನೂ ಹೊತ್ತು ತರುವುದು ಯಾಕೆ? ಹೋಮ್ ಸ್ಕ್ರೀನಿನ ಕೆಳಗಿನ ಎರಡು ಸಾಲಿನಲ್ಲಿ ಮಾತ್ರ ಐಕಾನ್ ಇಟ್ಟೆ. ಮೇಲಿನ ಭಾಗ ಬರೀ ನೋಡುವುದಕ್ಕೆ: ಗಡಿಯಾರ, ಹವಾಮಾನ, ಕ್ಯಾಲೆಂಡರ್. ನೋಟಿಫಿಕೇಶನ್ ಪಟ್ಟಿ ಎಳೆಯಲು ಬೆರಳು ತುದಿಯವರೆಗೆ ಹೋಗಬೇಕಾಗಿಲ್ಲ. ಹೋಮ್ ಸ್ಕ್ರೀನಿನಲ್ಲಿ ಎಲ್ಲಿ ಎಳೆದರೂ ಇಳಿಯುವ ಆಯ್ಕೆ ಬಹಳಷ್ಟು ಲಾಂಚರ್‌ಗಳಲ್ಲಿ, ಅಂದರೆ ಹೋಮ್ ಸ್ಕ್ರೀನನ್ನು ನಡೆಸುವ ಆಪ್‌ಗಳಲ್ಲಿ, ಇದೆ. ಬ್ರೌಸರ್ ಆಗಿ ಫೈರ್‌ಫಾಕ್ಸ್ ಹಾಕಿಕೊಂಡೆ, ಅದರಲ್ಲಿ ಜಾಲತಾಣದ ವಿಳಾಸ ಬರೆಯುವ ಪಟ್ಟಿಯನ್ನು ಕೆಳಕ್ಕೆ ತಂದುಕೊಳ್ಳಬಹುದು ಎನ್ನುವ ಒಂದೇ ಕಾರಣಕ್ಕೆ.

ನಿಜವಾಗಿ ಹೊತ್ತು ಹಿಡಿದದ್ದು ಕೀಬೋರ್ಡ್. ನಾನು ಬಳಸುವುದು ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿ ವಿನ್ಯಾಸ. ಅದರಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ ಬೇಕು. ‘ಕನ್ನಡ’ ಎಂದು ಬರೆಯಬೇಕಾದರೂ ಎರಡು ‘ನ’ಗಳ ನಡುವೆ ಅದನ್ನು ಒತ್ತಲೇಬೇಕು. ಆ ಕೀಲಿ ಇರುವುದು ನಡುಸಾಲಿನ ಎಡಭಾಗದಲ್ಲಿ. ಬಲಗೈ ಹೆಬ್ಬೆರಳು ಪ್ರತಿ ಒತ್ತಕ್ಷರಕ್ಕೂ ಅಲ್ಲಿಗೆ ಹೋಗಿ ಬರಬೇಕು. ಒಂದು ಪ್ಯಾರಾ ಬರೆಯುವಷ್ಟರಲ್ಲಿ ಬೆರಳಿನ ಬುಡ ಸೋಲುತ್ತದೆ. ಕೀಬೋರ್ಡಿನ ಒಂದು ಕೈ ಮೋಡ್ ಆನ್ ಮಾಡಿ ಇಡೀ ಹಲಗೆಯನ್ನು ಬಲಕ್ಕೆ ಸರಿಸಿದೆ, ಎತ್ತರವನ್ನು ಒಂದು ಹಂತ ಏರಿಸಿದೆ. ಕೀಲಿಗಳು ಕಿರಿದಾದರೂ ಎತ್ತರವಾಗಿರುವುದರಿಂದ ತಪ್ಪು ಒತ್ತುವುದು ಹೆಚ್ಚಾಗಲಿಲ್ಲ. ಕನ್ನಡಕ್ಕೆ ಆಟೋಕರೆಕ್ಟ್ ಬಂದ್. ‘ಮನೆಯವರಿಗೂ’, ‘ಬರುತ್ತಾರಂತೆ’ ಅಂತ ಪ್ರತ್ಯಯದ ಮೇಲೆ ಪ್ರತ್ಯಯ ಪೇರಿಸುವ ಭಾಷೆಯಲ್ಲಿ ಅದರ ನಿಘಂಟಿಗೆ ಗೊತ್ತಿರದ ರೂಪವೇ ಹೆಚ್ಚು, ಗೊತ್ತಿಲ್ಲದ್ದನ್ನೆಲ್ಲ ತಿದ್ದಲು ಬರುತ್ತದೆ. ಸಲಹೆಯ ಪಟ್ಟಿಯನ್ನು ಮಾತ್ರ ಉಳಿಸಿಕೊಂಡೆ.

ಅಕ್ಷರದ ಗಾತ್ರ ಏರಿಸಿ, ಡಿಸ್‌ಪ್ಲೇ ಗಾತ್ರ ಇಳಿಸಿದೆ. ಎರಡೂ ಬೇರೆ ಬೇರೆ ಸೆಟ್ಟಿಂಗ್. ಮೊದಲನೆಯದು ಬರಹವನ್ನು ದೊಡ್ಡದು ಮಾಡುತ್ತದೆ, ಎರಡನೆಯದು ಐಕಾನು, ಬಟನ್ನು, ಬರಹ ಎಲ್ಲವನ್ನೂ. ಗಾತ್ರ ತೀರಾ ಏರಿಸಿದರೆ ಕೆಲವು ಆಪ್‌ಗಳಲ್ಲಿ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ಪರೀಕ್ಷೆಗೆ ‘ಸ್ವಾತಂತ್ರ್ಯ’ ಎಂಬ ಹೆಸರಿನ ಒಂದು ಸುಳ್ಳು ಸಂಪರ್ಕ ಸೇರಿಸಿ, ಅದರ ‘ತ್ರ್ಯ’ ಪೂರ್ತಿ ಕಾಣುವ ಹಂತದಲ್ಲಿ ನಿಲ್ಲಿಸಿದೆ.

ನೋಟಿಫಿಕೇಶನ್ ವಿಷಯದಲ್ಲಿ ಇಡೀ ಆಪ್‌ನ ಬಾಯಿ ಮುಚ್ಚಿಸುವ ಅಗತ್ಯವಿಲ್ಲ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಪ್ರತಿ ಆಪ್‌ನ ಸೂಚನೆಗಳೂ ಚಾನೆಲ್‌ಗಳಾಗಿ ವಿಂಗಡಣೆಯಾಗುತ್ತವೆ. ಕಿರಿಕಿರಿಯ ಸೂಚನೆ ಬಂದ ಕೂಡಲೇ ಅದನ್ನು ಒತ್ತಿ ಹಿಡಿದರೆ ಯಾವ ಚಾನೆಲ್ ಎಂದು ಗೊತ್ತಾಗುತ್ತದೆ. ಆಫರ್‌ಗಳದ್ದನ್ನು ಬಂದ್ ಮಾಡಿ, ಹಣ ಪಾವತಿಯದ್ದನ್ನು ಹಾಗೇ ಉಳಿಸಿಕೊಂಡೆ. ಆಫರನ್ನೂ ಮುಖ್ಯ ಸೂಚನೆಯನ್ನೂ ಬೇಕೆಂದೇ ಒಂದೇ ಚಾನೆಲ್‌ಗೆ ತುರುಕುವ ಆಪ್‌ಗಳೂ ಇವೆ, ಅವನ್ನು ತೆಗೆದೇ ಹಾಕಿದೆ.

‘ಬಿಲ್ಡ್ ನಂಬರ್’ ಅನ್ನು ಏಳು ಸಲ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆದು ಮೂರೂ ಆನಿಮೇಶನ್ ಸ್ಕೇಲ್‌ಗಳನ್ನು, ಅಂದರೆ ಪರದೆಯ ಚಲನೆಗಳು ಹಿಡಿಯುವ ಹೊತ್ತನ್ನು, 0.5ಕ್ಕೆ ಇಳಿಸಿದ್ದೂ ಆಯಿತು. ಫೋನಿನ ವೇಗ ಹೆಚ್ಚುವುದಿಲ್ಲ, ಕಾಯಿಸುವುದು ಕಡಿಮೆಯಾಗುತ್ತದೆ. ರೂಟ್ ಮಾಡುವ, ಅಂದರೆ ಫೋನಿನ ಪೂರ್ತಿ ಹಿಡಿತ ಪಡೆಯುವ, ಗೋಜಿಗೆ ಹೋಗಲಿಲ್ಲ: ಅದಕ್ಕಾಗಿ ಬೂಟ್‌ಲೋಡರ್, ಅಂದರೆ ಫೋನನ್ನು ಶುರು ಮಾಡುವ ತಂತ್ರಾಂಶದ ಬೀಗ, ತೆರೆದರೆ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಆಮೇಲೆ ಬ್ಯಾಂಕಿನ ಆಪ್‌ಗಳ ತಕರಾರು ಬೇರೆ.

ಇಷ್ಟಾದರೂ ಹುಡುಕಾಟದ ಗುಂಡಿಯನ್ನು ಮೇಲಿನ ಮೂಲೆಯಲ್ಲೇ ಇಟ್ಟಿರುವ ಆಪ್‌ಗಳಿಗೆ ಏನೂ ಮಾಡಲಾಗಿಲ್ಲ. ಆಂಡ್ರಾಯ್ಡ್ 12ರಿಂದ ಬಂದಿರುವ ಒಂದು ಕೈ ಮೋಡ್ ಪರದೆಯನ್ನು ಅರ್ಧಕ್ಕೆ ಎಳೆದುಕೊಡುತ್ತದೆ ನಿಜ, ಆದರೆ ಕೆಳತುದಿಯಲ್ಲಿ ಅಷ್ಟು ಸಣ್ಣ ಜಾಗದಲ್ಲಿ ಬೆರಳು ಎಳೆಯಬೇಕಾದ್ದರಿಂದ ಅರ್ಧ ಸಲ ಆಪೇ ಮುಚ್ಚಿಹೋಗುತ್ತದೆ. ಅಂಥ ಕಡೆ ಈಗಲೂ ಎಡಗೈಯನ್ನೇ ಕರೆಯುತ್ತೇನೆ.